ಕಾರ್ನರ್‌ನ ಅಣ್ಣನಿಗೆ, ಮತ್ತೆ ಉಳಿದ ಎಲ್ಲರಿಗೂ

ನಿನ್ನೆ ಡಬ್ಬಿಂಗ್ ಮುಗಿಸಿದೆ. ಕಣ್ಣಿನ ಕತೆ ನಿಮಗೆಲ್ಲ ಗೊತ್ತೇ ಇದೆ: ರೆಟಿನಾ (ಕಣ್ಣಿನ ಹಿಂಪರದೆ) ಆಪರೇಷನ್, ಕಣ್ಣೊಳಗೆ ಗ್ಯಾಸ್ ಗುಳ್ಳೆ, ಅದು ಕರಗುವವರೆಗೆ ವಿಮಾನ ಹತ್ತುವಂತಿಲ್ಲ. ಹೆಚ್ಚು ಹೇಳುವುದಿಲ್ಲ.

ನನ್ನ ಪಾತ್ರವನ್ನು ಬೇರೆಯವರಿಗೆ ಕೊಡದೆ ಕಾದ ನಿರ್ದೇಶಕರಿಗೆ, ನಾನು ವಿಮಾನ ಹತ್ತುವಂತಿಲ್ಲ ಎಂದು ಶೂಟಿಂಗನ್ನೇ ಮಂಗಳೂರಿಗೆ ತಂದ ನಿರ್ಮಾಪಕರಿಗೆ, ವಾರ್ಡಿನ ಸಿಸ್ಟರ್‌ಗಳಿಗೆ, ಗಂಜಿ ಕಳಿಸಿದ ಮನೆಗಳಿಗೆ ಥ್ಯಾಂಕ್ಸ್. ಹೆಂಡತಿಗೆ ಇಲ್ಲಿ ಹೇಳಿದರೆ ಬೈಗುಳ ಸಿಗುತ್ತದೆ. ಅದು ಮನೆಯಲ್ಲೇ ಆಗಲಿ.

ಫೈಟ್ ಮಾಸ್ಟರ್‌ಗೆ ಒಂದು ಮಾತು ಜಾಸ್ತಿ. ಬಾಕ್ಸರ್‌ನ ಗುದ್ದು ತಾಗಬೇಕು, ಸಿನಿಮಾದ ಗುದ್ದು ತಾಗಬಾರದು. ಒಂದು ಕಣ್ಣು ಮಸುಕಾದರೆ ದೂರದ ಅಂದಾಜು ತಪ್ಪುತ್ತದೆ. ಗೊತ್ತಿದ್ದೂ ನನ್ನೆದುರು ಅವರೇ ನಿಂತು ರಿಹರ್ಸಲ್ ಮಾಡಿಸಿದರು. ಮೂಗು ಅವರದ್ದು, ಧೈರ್ಯವೂ ಅವರದ್ದೇ.

ಇನ್ನು ಅಣ್ಣ. ಹೆಸರು ಹಾಕಬೇಡ ಎಂದಿದ್ದಾರೆ. ನಾನು ಬಾಕ್ಸಿಂಗ್ ರಿಂಗಿಗೆ ಇಳಿಯುತ್ತಿದ್ದ ಕಾಲದಲ್ಲಿ ನನ್ನ ಕಾರ್ನರ್, ಅಂದರೆ ರೌಂಡುಗಳ ನಡುವೆ ನಾನು ಬಂದು ಕೂರುವ ರಿಂಗಿನ ಮೂಲೆ, ನೋಡಿಕೊಂಡವರು. ಈಗ ಧಕ್ಕೆಯಲ್ಲಿ, ಅಂದರೆ ಮೀನುಗಾರಿಕೆ ಬಂದರಿನಲ್ಲಿ, ಮೀನಿನ ವ್ಯಾಪಾರ. ನನ್ನ ಆಪರೇಷನ್ ಆದದ್ದು ಆಗಸ್ಟ್ ಮೊದಲ ವಾರ. ಜೂನ್, ಜುಲೈನ ಮೀನುಗಾರಿಕೆ ನಿಷೇಧ ಮುಗಿದು ಟ್ರಾಲ್ ಬೋಟುಗಳು ಕಡಲಿಗೆ ಇಳಿಯುವ ಹೊತ್ತು. ಆಗ ಧಕ್ಕೆಯವರಿಗೆ ನಿದ್ದೆಯೇ ಕಮ್ಮಿ. ಇದ್ದ ಆ ಚೂರು ನಿದ್ದೆಯನ್ನೂ ನನಗೆ ಕೊಟ್ಟರು.

ಆ ಗುಳ್ಳೆ ಸರಿಯಾದ ಜಾಗದಲ್ಲಿ ನಿಲ್ಲಲು ಮೊದಲ ರಾತ್ರಿ ಮುಖ ಕೆಳಗೆ ಮಾಡಿಯೇ ಮಲಗಬೇಕಿತ್ತು. ನಾನು ಮಗ್ಗುಲು ತಿರುಗದಂತೆ ಸ್ಟೂಲ್ ಮೇಲೆ ಕೂತು ಬೆನ್ನ ಮೇಲೆ ಕೈ ಇಟ್ಟಿದ್ದರು. ರೌಂಡುಗಳ ನಡುವೆ ಸಿಗುವ ಒಂದು ನಿಮಿಷದಲ್ಲಿ ಅವರು ಯಾವಾಗಲೂ ಹೇಳುತ್ತಿದ್ದದ್ದು ಒಂದೇ, "ಗದ್ದ ಕೆಳಗೆ." ಆ ರಾತ್ರಿಯೂ ಅದೇ. "ರಿಂಗಿನಲ್ಲಂತೂ ಕೇಳಲಿಲ್ಲ. ಈಗಾದರೂ ಗದ್ದ ಕೆಳಗೆ ಇಡು ಮಾರಾಯ."

ನಡುರಾತ್ರಿ ಅಳು ಬಂತು. ಹೊಡೆತ ತಿಂದು ಯಾವತ್ತೂ ಅತ್ತವನಲ್ಲ ನಾನು. ಅವತ್ತು ಮಗುವಿನ ಹಾಗೆ ಅತ್ತೆ, ನಾಚಿಕೆಯೂ ಆಗಲಿಲ್ಲ. ಅಷ್ಟು ಹೆದರಿಕೆ. ಮುಖವೇ ನನ್ನ ಅನ್ನ ಅಲ್ವಾ? ಒಕ್ಕಣ್ಣನಿಗೆ ಯಾರು ಪಾತ್ರ ಕೊಡುತ್ತಾರೆ ಅಣ್ಣಾ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ವಿಲನ್‌ಗೆ ಒಂದು ಕಣ್ಣು ಸಾಕು" ಎಂದರು. ಅಳುತ್ತಲೇ ನಗು ಬಂತು.

ಆಮೇಲೆ ಬೆಳಗಿನವರೆಗೂ ಮಾತು. ಹಳೇ ಮ್ಯಾಚುಗಳನ್ನೆಲ್ಲ ರೌಂಡು ರೌಂಡಾಗಿ ಮತ್ತೆ ಆಡಿಸಿದರು. ನಾನು ವಿಕ್ಟರ್ ಮೆಕ್ಲಾಗ್ಲೆನ್ ಕತೆ ಹೇಳಿದೆ. 1909ರಲ್ಲಿ ಹೆವಿವೇಟ್ ವಿಶ್ವ ಚಾಂಪಿಯನ್ ಜಾಕ್ ಜಾನ್ಸನ್ ಎದುರು ರಿಂಗಿಗೆ ಇಳಿದವನು, ಮುಂದೆ ನಟನಾಗಿ ಆಸ್ಕರ್ ಗೆದ್ದ. "ಅವನಿಗೆ ಎರಡೂ ಕಣ್ಣು ಸರಿ ಇತ್ತಾ?" ಎಂದು ಕೇಳಿದರು. ಇತ್ತು ಎಂದೆ. "ಹಾಗಾದರೆ ಅದರಲ್ಲಿ ಎಂತ ದೊಡ್ಡಸ್ತಿಕೆ?"

ನಸುಕಿಗೆ ಎದ್ದು ಏಲಂಗೆ ಹೋದರು. ರಾತ್ರಿ ಮತ್ತೆ ಬಂದರು.

ಈಗ ಕಣ್ಣು ಸಾಕಷ್ಟು ಕಾಣುತ್ತದೆ. ಸಿನಿಮಾ ಬಿಡುಗಡೆಯ ದಿನ ಅಣ್ಣ ಧಕ್ಕೆಯ ಕೆಲಸ ಮುಗಿಸಿ ಮಧ್ಯಾಹ್ನದ ಶೋಗೆ ಬರುತ್ತಾರಂತೆ. ಟಿಕೆಟ್ ನಾನು ಕೊಡುತ್ತೇನೆ ಎಂದರೆ ಒಪ್ಪಲಿಲ್ಲ. ಚೆನ್ನಾಗಿಲ್ಲದಿದ್ದರೆ ಬೈಯಲಿಕ್ಕೆ ಸ್ವಂತ ದುಡ್ಡೇ ಆಗಬೇಕಂತೆ.