ಕಲ್ಲು ತೆಗೆದು ಗಾಜು ಹಾಕೋಣ ಅಂದವರು

ಪ್ರೀತಿಯ ಬಸು,

ಮೊನ್ನೆ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ಉತ್ತರ ಅರ್ಧಕ್ಕೇ ನಿಂತಿತ್ತು. ಸ್ವಂತ ದುಡ್ಡು ಹಾಕಿ ಕೊಂಡ ಕಟ್ಟಡದ ಕಿಟಕಿ ಬದಲಿಸೋದಕ್ಕೂ ನ್ಯೂಯಾರ್ಕಿನಲ್ಲಿ ಯಾರದೋ ಅಪ್ಪಣೆ ಬೇಕಾ ಅಂದೆ. ಬೇಕು, ಉಳಿಸಬೇಕಾದ ಕಟ್ಟಡಗಳು ಅಂತ ನಗರ ಮಾಡಿರುವ ಪಟ್ಟಿಯಲ್ಲಿ ಅದು ಇದ್ದರೆ. ಬೇರೆ ಗೆಳೆಯರೂ ಇದನ್ನೇ ಕೇಳುತ್ತಿರುತ್ತಾರೆ, ಅದಕ್ಕೆ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ. ಹೆದರಬೇಡ, ಬಾದಾಮಿ ಟ್ರಿಪ್ಪಿನ ವಿಷಯ ಎತ್ತುವುದಿಲ್ಲ.

1963ರಲ್ಲಿ ಇಲ್ಲಿ ಪೆನ್ ಸ್ಟೇಷನ್ ಅನ್ನುವ ಭಾರಿ ರೈಲು ನಿಲ್ದಾಣ ಒಡೆಯಲು ಶುರು ಮಾಡಿದರು. ಜನ ರೊಚ್ಚಿಗೆದ್ದರು. 1965ರಲ್ಲಿ ಅಂಥ ಕಟ್ಟಡಗಳನ್ನು ಉಳಿಸುವ ಕಾಯಿದೆ ಬಂತು, ಅದನ್ನು ನೋಡಿಕೊಳ್ಳಲು ನಗರದ ಲ್ಯಾಂಡ್‌ಮಾರ್ಕ್ಸ್ ಕಮಿಷನ್ ಬಂತು. ಹನ್ನೊಂದು ಜನ ಸದಸ್ಯರು. ಆರ್ಕಿಟೆಕ್ಟ್‌ಗಳು ಇರುತ್ತಾರೆ, ಇತಿಹಾಸ ಬಲ್ಲವರು ಇರುತ್ತಾರೆ, ರಿಯಲ್ ಎಸ್ಟೇಟ್‌ನವರೊಬ್ಬರೂ ಇರಲೇಬೇಕು. ಕಟ್ಟಡಕ್ಕೆ ಮೂವತ್ತು ವರ್ಷ ತುಂಬಿದ್ದರೆ ಪಟ್ಟಿಗೆ ಸೇರಿಸಬಹುದು. ಸೇರಿತು ಅಂದರೆ ಹೊರಗಡೆ ಏನು ಬದಲಿಸಬೇಕಾದರೂ ಪರ್ಮಿಟ್. ಸಣ್ಣಪುಟ್ಟದ್ದನ್ನು ಸಿಬ್ಬಂದಿಯೇ ನೋಡಿ ಕೊಡುತ್ತಾರೆ. ದೊಡ್ಡದಾದರೆ ಬಹಿರಂಗ ವಿಚಾರಣೆ, ಯಾರು ಬೇಕಾದರೂ ಎದ್ದು ಮಾತಾಡಬಹುದು. ಅದಕ್ಕೆ ಬೇಕಾದ ನಕ್ಷೆ ಮಾಡುವುದೇ ನನ್ನ ಕೆಲಸ. ಈಗ ಹೀಗಿದೆ, ಹೀಗೆ ಮಾಡಬೇಕು ಅಂತಿದ್ದೇವೆ, ಫುಟ್‌ಪಾತಿನಿಂದ ನೋಡಿದರೆ ಹೀಗೆ ಕಾಣುತ್ತದೆ.

ನಮ್ಮ ಲೈನಿನವರ ಬಾಯಲ್ಲಿ ಪದೇ ಪದೇ ಬರುವ ಕಟ್ಟಡ 550 ಮ್ಯಾಡಿಸನ್ ಅವೆನ್ಯೂ. ಎಟಿ ಅಂಡ್ ಟಿ ಅನ್ನುವ ಟೆಲಿಫೋನ್ ಕಂಪನಿ ತನ್ನ ಹೆಡ್ಡಾಫೀಸಿಗೆ ಅಂತ ಕಟ್ಟಿಸಿದ್ದು. ಫಿಲಿಪ್ ಜಾನ್ಸನ್ ಮತ್ತು ಜಾನ್ ಬರ್ಗೀ ಮಾಡಿದ ವಿನ್ಯಾಸ. 1984ರಲ್ಲಿ ಮುಗಿಯಿತು. 37 ಮಹಡಿ, 647 ಅಡಿ ಎತ್ತರ. ಊರೆಲ್ಲ ಗಾಜು ಹಾಕುತ್ತಿದ್ದ ಕಾಲದಲ್ಲಿ ಇವರು ಮೈತುಂಬ ಕಲ್ಲು ಹೊದಿಸಿದರು. ನೆತ್ತಿಯ ಮೇಲೆ ಹಳೇ ಇಂಗ್ಲಿಷ್ ಕಪಾಟಿನ ಮೇಲ್ಭಾಗದ ಹಾಗೆ ತ್ರಿಕೋನ, ಅದರ ನಡುವೆ ದುಂಡಗೆ ಕತ್ತರಿಸಿದ ಜಾಗ. ಆಗ ಅದನ್ನು ನೋಡಿ ನಕ್ಕವರೇ ಜಾಸ್ತಿ.

ಆ ಕಲ್ಲನ್ನು ನೀನು ಹತ್ತಿರದಿಂದ ನೋಡಬೇಕು ಬಸು. ಕನೆಕ್ಟಿಕಟ್ ರಾಜ್ಯದ ಸ್ಟೋನಿ ಕ್ರೀಕ್ ಗ್ರಾನೈಟ್. ಗ್ರ್ಯಾಂಡ್ ಸೆಂಟ್ರಲ್ ಸ್ಟೇಷನ್ನಿಗೂ ಅಲ್ಲಿಯ ಕಲ್ಲು ಬಂದಿದೆ. ದೂರಕ್ಕೆ ಒಂದೇ ಗುಲಾಬಿ ಬಣ್ಣ. ಮೂಗು ತಾಗುವಷ್ಟು ಹತ್ತಿರ ಹೋದರೆ ಗುಲಾಬಿ ಹರಳು, ಬೂದಿ ಹರಳು, ನಡುನಡುವೆ ಕರಿ ಚುಕ್ಕಿ. ನಮ್ಮ ಇಳಕಲ್ ಕಲ್ಲಿನಷ್ಟು ಕೆಂಪಲ್ಲ. ಆದರೂ ಕೈ ಇಟ್ಟರೆ ನೆನಪಾಗುವುದು ನಮ್ಮೂರಿನ ಕ್ವಾರಿಯೇ.

2016ರಲ್ಲಿ ಕಟ್ಟಡ ಒಲಯಾನ್ ಗ್ರೂಪ್ ಅನ್ನುವ ಸೌದಿ ಮೂಲದ ಕಂಪನಿಯ ಕೈಗೆ ಬಂತು. ಮರುವರ್ಷ ಸ್ನೋಹೆಟ್ಟಾ ಅನ್ನುವ ಆರ್ಕಿಟೆಕ್ಟ್ ಸಂಸ್ಥೆಯ ಯೋಜನೆ ಹೊರಬಿತ್ತು: ರಸ್ತೆ ಕಡೆ ಕೆಳಗಿನ ಮಹಡಿಗಳ ಕಲ್ಲು ತೆಗೆದು ಅಲೆಅಲೆಯಾದ ಗಾಜು ಹಾಕುವುದು. ಬುಡದಲ್ಲಿ ಬರೀ ಕಲ್ಲು, ಒಳಗೇನಿದೆ ಅಂತ ದಾರಿಹೋಕರಿಗೆ ಕಾಣಲ್ಲ ಅನ್ನುವ ವಾದದಲ್ಲಿ ಹುರುಳಿಲ್ಲ ಅಂತ ನಾನು ಹೇಳಲಾರೆ. ಆದರೆ ಜನ ಬೋರ್ಡು ಹಿಡಿದು ಕಟ್ಟಡದ ಮುಂದೆ ಬಂದು ನಿಂತರು. ರಾಬರ್ಟ್ ಸ್ಟರ್ನ್‌ರಂಥ ದೊಡ್ಡ ಆರ್ಕಿಟೆಕ್ಟ್ ಕೂಡ ಬಂದರು. ಈ ಕಟ್ಟಡದ ಶೈಲಿ ತನಗೆ ಎಂದೂ ಒಗ್ಗಿದ್ದಲ್ಲ, ಆದರೆ ಅದೂ ನಮ್ಮ ಪರಂಪರೆ, ಗೌರವ ಕೊಡಬೇಕು ಅಂತ ಬ್ರಿಟನ್ನಿನ ಆರ್ಕಿಟೆಕ್ಟ್ ನಾರ್ಮನ್ ಫಾಸ್ಟರ್ ಬರೆದರು. ಈ ಮಾತು ನನಗೆ ಎಲ್ಲಕ್ಕಿಂತ ದೊಡ್ಡದು. ಇಷ್ಟವಿದ್ದುದನ್ನು ಉಳಿಸಿ ಅನ್ನೋದು ಸುಲಭ.

2018ರ ಜುಲೈ 31ರಂದು ಕಟ್ಟಡ ಪಟ್ಟಿಗೆ ಸೇರಿತು. ಸ್ನೋಹೆಟ್ಟಾದವರು ನಕ್ಷೆ ಹೊಸದಾಗಿ ಹಾಕಿದರು. ಈ ಸಲ ಮುಂದಿನ ಕಲ್ಲು ಹಾಗೇ ಇತ್ತು, ಹಿಂಭಾಗದಲ್ಲಿ ಜನ ಕೂರುವುದಕ್ಕೆ ತೋಟ ಬಂದಿತ್ತು. 2019ರ ಫೆಬ್ರುವರಿಯಲ್ಲಿ ಕಮಿಷನ್ ಒಪ್ಪಿಗೆ ಕೊಟ್ಟಿತು. ಎರಡನೇ ನಕ್ಷೆ ಮೊದಲನೆಯದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಬೇಡ ಅಂದವರಿದ್ದರು ಅಂತಲೇ ಅದು ಹುಟ್ಟಿತು. ಒಳಗಿನ ಲಾಬಿಯನ್ನು ಮಾತ್ರ ಪಟ್ಟಿಗೆ ಸೇರುವ ಮುಂಚೆಯೇ ಬಿಚ್ಚಿ ಹಾಕಿದ್ದರು. ಒಳಗಿನದಕ್ಕೆ ಬೇರೆಯೇ ಪಟ್ಟಿ, ಅದರಲ್ಲಿ ಅದು ಬರಲೇ ಇಲ್ಲ. ನನಗೆ ಇದು ಇವತ್ತಿಗೂ ಸಂಕಟ.

ಈಗ ನಿನಗೇ ಅಂತ ಹೇಳಬೇಕಾದದ್ದು, ಉಳಿದವರು ಓದಿದರೂ ಓದಲಿ. ತಮ್ಮ ಒಂದು ಫೋಟೊ ಕಳಿಸಿದ್ದಾನೆ. ಮೇಸ್ತ್ರಿ ಹಾಳೆಯ ಮೇಲೆ ಪೆನ್ನಿನಲ್ಲಿ ಗೀಚಿದ ಪ್ಲಾನು. ನಮ್ಮ ಮನೆಯ ಮಾಳಿಗೆ ಇಳಿಸಿ ಸ್ಲ್ಯಾಬ್, ಮುಂದಿನ ಕಟ್ಟೆ ಒಡೆದು ಎರಡು ಶಟರ್, ಗೋಡೆಗೆ ಟೈಲ್ಸ್. "ಅಣ್ಣಾ, ಹೂಂ ಅಂದರೆ ದೀಪಾವಳಿಯೊಳಗೆ ಮುಗಿಸ್ತೀನಿ" ಅಂತ ಕೆಳಗೆ ಬರೆದಿದ್ದಾನೆ. ಬೇಡ ಅನ್ನುವುದಕ್ಕೆ ಕಾರಣಗಳನ್ನು ವಿಚಾರಣೆಗೆ ಬರೆಯುವ ಹಾಗೇ ಬರೆದಿಟ್ಟಿದ್ದೇನೆ. ಸಾಗವಾನಿ ಚೌಕಟ್ಟು, ತೊಲೆ, ಜಂತಿ, ಬೆಳಕಿಂಡಿ, ಎಲ್ಲಾ. ಕಳಿಸಲು ಕೈ ಬರುತ್ತಿಲ್ಲ.

ಪ್ರತಿ ಮಳೆಗಾಲಕ್ಕೂ ಮುಂಚೆ ಮಾಳಿಗೆಗೆ ಸವಳು ಮಣ್ಣು ಹೊರುವವನು ತಮ್ಮ. ರಾತ್ರಿ ಎದ್ದು ಸೋರುವ ಕಡೆ ಪಾತ್ರೆ ಇಡುವವಳು ಅವ್ವ. ನಾನು ಆ ಮನೆಯನ್ನು ಫುಟ್‌ಪಾತಿನಿಂದ ನೋಡುವವನು. ಇಲ್ಲಿಯ ಕಾಯಿದೆಯಲ್ಲಿ ಮಾಲೀಕನಿಗೆ ತೀರಾ ಕಷ್ಟವಾದರೆ ಹೇಳಿಕೊಳ್ಳುವುದಕ್ಕೆ ದಾರಿ ಇದೆ. ನಮ್ಮ ಮನೆಯಲ್ಲಿ ಅವ್ವನ ಕಷ್ಟ ಕೇಳಿದವರು ಯಾರು? ಅವಳು ನನಗೆ ಫೋನಿನಲ್ಲಿ "ನೀವಿಬ್ಬರೂ ಹ್ಯಾಂಗಂತೀರೋ ಹಾಂಗ" ಅನ್ನುತ್ತಾಳೆ, ಅಷ್ಟೇ.

ಅದಕ್ಕಿಂತ ಒಳಗಿನ ಮಾತು ಒಂದಿದೆ. ಆ ಕಟ್ಟೆ ಉಳಿಯಲಿ ಅಂತ ನನಗಿರುವುದು ಪರಂಪರೆಯ ಮೇಲಿನ ಪ್ರೀತಿಯಿಂದ ಮಾತ್ರ ಅಲ್ಲ. ಸಂಜೆ ಹೊತ್ತು ಅಪ್ಪ ಕೂರುತ್ತಿದ್ದುದು ಅಲ್ಲಿ. ಅಪ್ಪ ಹೋದಾಗ ನನಗೆ ಬರಲಾಗಲಿಲ್ಲ, ನೀನು ಹೆಗಲು ಕೊಟ್ಟೆ. ನನಗೆ ಅಪ್ಪನ ಜೊತೆ ಮುಗಿಯದ ಮಾತು ಬಹಳ ಇದೆ. ಕಟ್ಟೆಯೂ ಹೋದರೆ ಅದನ್ನು ಎಲ್ಲಿ ಕೂತು ಆಡಲಿ?

ಸಾಕು. ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ, ನೀನು ಎದುರಿಗೆ ಇದ್ದ ಹಾಗಾಯಿತು. ಈಗ ನೇರ ಕೆಲಸದ ವಿಷಯ. ನೀನು ಸಿವಿಲ್ ಎಂಜಿನಿಯರು, ಮನೆ ನಿನ್ನ ಓಣಿಯಿಂದ ಎರಡು ಹೆಜ್ಜೆ. ಟೇಪು ಹಿಡಿದು ಹೋಗಿ ಒಂದು ಎರಡನೇ ನಕ್ಷೆ ಹಾಕಿಕೊಡು ಮಾರಾಯ. ಮೇಲೆ ಸ್ಲ್ಯಾಬ್ ಬರಲಿ, ಅವ್ವನಿಗೆ ಒಂದು ಹನಿಯೂ ಸೋರಬಾರದು. ತಮ್ಮನಿಗೆ ಬಾಡಿಗೆ ಬರುವ ಹಾಗೆ ಒಂದು ಶಟರ್ ಪಕ್ಕದ ಸಂದಿಯ ಕಡೆ ಕೂರುತ್ತಾ ನೋಡು. ಕಟ್ಟೆ, ಚೌಕಟ್ಟು ಉಳಿಯಲಿ. ಅವ್ವನನ್ನು ಒಬ್ಬಳೇ ಇದ್ದಾಗ ಕೇಳು, ಅವಳಿಗೆ ಕಟ್ಟೆಯೂ ಬೇಡ ಅಂದರೆ ಅದನ್ನೂ ನನಗೆ ಹೇಳು.

ಹೊಟ್ಟೆ ಖಾಲಿ ಇಟ್ಟುಕೊಂಡು ಹೋಗು, ಗಿರಮಿಟ್ಟು ತಿನ್ನಿಸದೆ ಅವಳು ಟೇಪು ಬಿಚ್ಚಲು ಬಿಡುವುದಿಲ್ಲ.  ನಕ್ಷೆಯನ್ನು ವಾಟ್ಸಾಪಿಗೆ ಹಾಕಬೇಡ, ಮೇಲ್ ಮಾಡು, ಅಳತೆ ಓದುವ ಹಾಗಿರಬೇಕು.

ನಿನ್ನ,
ಶಿವು