ಇನ್ನು ಮುಂದೆ ನಾವು ಜನರೇಟರ್ ಬೈಪಾಸ್ ಮಾಡಿಕೊಡುವುದಿಲ್ಲ

ನಮಸ್ಕಾರ.

ಮಂಡ್ಯ, ಮದ್ದೂರು ಕಡೆಯ ಛತ್ರ, ರೈಸ್ ಮಿಲ್, ಅಪಾರ್ಟ್‌ಮೆಂಟುಗಳ ಡಿಜಿ ಸೆಟ್‌ಗಳನ್ನು (ಡೀಸೆಲ್ ಜನರೇಟರ್) ನಾವು ನೋಡಿಕೊಳ್ಳುತ್ತೇವೆ. ಮುಂದಿನ ತಿಂಗಳ 1ನೇ ತಾರೀಖಿನಿಂದ ನಮ್ಮ ಕೆಲಸದಲ್ಲಿ ಬದಲಾವಣೆ ಇದೆ. ಆಯಿಲ್ ಒತ್ತಡ ಬಿದ್ದಾಗ ಅಥವಾ ಬಿಸಿ ಏರಿದಾಗ ಎಂಜಿನ್ ನಿಲ್ಲಿಸಿಸುವ ಆಯಿಲ್ ಪ್ರೆಶರ್ ಅಥವಾ ಟೆಂಪರೇಚರ್ ಸ್ವಿಚ್ಚಿನ ವೈರ್ ಕಿತ್ತಿರುವ ಸೆಟ್ಟನ್ನು ನಮ್ಮ ಹುಡುಗರು ಸ್ಟಾರ್ಟ್ ಮಾಡುವುದಿಲ್ಲ. ಎಷ್ಟೇ ಅವಸರ ಇದ್ದರೂ ಬೈಪಾಸ್ (ಆ ಸ್ವಿಚ್ ತಪ್ಪಿಸಿ ಸೆಟ್ ಓಡಿಸುವುದು) ಮಾಡಿಕೊಡುವುದಿಲ್ಲ.

ಕಾರಣ ಹೇಳಬೇಕು. ಕಳೆದ ಮದುವೆ ಸೀಸನ್ನಿನಲ್ಲಿ ಒಂದು ಛತ್ರದಿಂದ ಫೋನ್ ಬಂತು. ಧಾರೆಯ ಹೊತ್ತು, ಕರೆಂಟ್ ಇಲ್ಲ, ಸೆಟ್ ಮತ್ತೆ ಮತ್ತೆ ಟ್ರಿಪ್ ಆಗಿ ನಿಲ್ಲುತ್ತಿದೆ. ನಮ್ಮ ಹುಡುಗ ಹೋದ, ಪ್ಯಾನೆಲ್‌ನಲ್ಲಿ ಹೈ ಟೆಂಪರೇಚರ್ ಅಂತ ಬರುತ್ತಿತ್ತು, ಸುತ್ತ ಹತ್ತು ಜನ ನಿಂತು ಬೇಗ ಬೇಗ ಅನ್ನುತ್ತಿದ್ದರು, ಅವನು ಸೆನ್ಸರ್ ಕೆಟ್ಟಿರಬೇಕು ಅಂದುಕೊಂಡು ವೈರ್ ಕಿತ್ತ. ಸೆಟ್ ಓಡಿತು. ಎರಡನೇ ಪಂಕ್ತಿ ಏಳುವ ಮೊದಲೇ ಎಂಜಿನ್ ಸೀಜ್ ಆಗಿ ಬಿಗಿದು ನಿಂತಿತು. ಸೆನ್ಸರ್ ಚೆನ್ನಾಗಿಯೇ ಇತ್ತು, ಫ್ಯಾನ್ ಬೆಲ್ಟ್ ಜಾರಿ ಎಂಜಿನ್ ನಿಜವಾಗಿಯೂ ಬಿಸಿಯಾಗುತ್ತಿತ್ತು. ಬೆಲ್ಟ್ ಬಿಗಿ ಮಾಡಿದ್ದರೆ ಸಾಕಿತ್ತು. ತಪ್ಪು ನಮ್ಮದು, ರಿಪೇರಿ ಖರ್ಚು ನಾವೇ ಹಾಕಿಕೊಂಡೆವು. ಆದರೆ ಆ ಮನೆಯವರ ಮದುವೆ ದಿನ ಮತ್ತೆ ಬರುವುದಿಲ್ಲ ಅಲ್ವಾ.

ಇನ್ನೊಂದು ಬದಲಾವಣೆ ಸ್ಟಾಪ್ ಸೊಲೆನಾಯ್ಡ್‌ನದು, ಅಂದರೆ ಡೀಸೆಲ್ ತಡೆದು ಎಂಜಿನ್ ನಿಲ್ಲಿಸುವ, ಕರೆಂಟಿನಲ್ಲಿ ಕೆಲಸ ಮಾಡುವ ಸಾಧನದ್ದು. ಹಳೆಯ ಸೆಟ್‌ಗಳಲ್ಲಿ ಜಾಸ್ತಿ ಇರುವುದು ಕರೆಂಟ್ ಕೊಟ್ಟರೆ ಎಂಜಿನ್ ನಿಲ್ಲಿಸುವ ಸೊಲೆನಾಯ್ಡ್. ಅದರ ವೈರ್ ತುಂಡಾಗಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಆಯಿಲ್ ಪ್ರೆಶರ್ ಬಿದ್ದು ಪ್ಯಾನೆಲ್ ಕೂಗಿಕೊಂಡರೂ ಎಂಜಿನ್ ಓಡುತ್ತಲೇ ಇರುತ್ತದೆ. ಇದನ್ನು ತೆಗೆದು, ಕರೆಂಟ್ ಇದ್ದರಷ್ಟೇ ಡೀಸೆಲ್ ಬಿಡುವ ಸೊಲೆನಾಯ್ಡ್ ಹಾಕುತ್ತೇವೆ. ವೈರ್ ಹೋದರೆ ಎಂಜಿನ್ ತಾನಾಗಿಯೇ ನಿಲ್ಲುತ್ತದೆ. ಇದರಲ್ಲಿ ಒಂದು ಕಷ್ಟವೂ ಇದೆ: ಕನೆಕ್ಷನ್ ಸಡಿಲವಾದರೆ ಓಡುತ್ತಿರುವ ಸೆಟ್ ಸುಮ್ನೆ ನಿಂತುಬಿಡಬಹುದು. ಹಾಗಾಗಿ ಪ್ರತಿ ಸರ್ವಿಸ್‌ನಲ್ಲೂ ಬ್ಯಾಟರಿ ಟರ್ಮಿನಲ್ ಬಿಚ್ಚಿ, ಉಜ್ಜಿ, ಬಿಗಿ ಮಾಡುತ್ತೇವೆ. ಸೊಲೆನಾಯ್ಡ್‌ನ ಬೆಲೆ ನಿಮ್ಮದು, ಕೂಲಿ ಬೇಡ.

ಎಂಜಿನ್ ಸ್ಪೀಡ್ ಹಿಡಿದಿಡುವ ಗವರ್ನರ್ ವಿಷಯಕ್ಕೆ ಬರೋಣ. ನಿಮ್ಮ ಸೆಟ್ 1500 ಆರ್‌ಪಿಎಂನಲ್ಲಿ ಓಡಿದರೆ 50 ಹರ್ಟ್ಸ್ ಬರುತ್ತದೆ. ಮೆಕ್ಯಾನಿಕಲ್ ಗವರ್ನರ್ ಇದ್ದರೆ ಲೋಡ್ ಇಲ್ಲದಾಗ 52 ಹರ್ಟ್ಸ್, ಅಂದರೆ 1560 ಆರ್‌ಪಿಎಂ ಹತ್ತಿರ ಇರುತ್ತದೆ, ಲೋಡ್ ಬಿದ್ದಾಗ ಇಳಿಯುತ್ತದೆ. ಅದು ಕೆಟ್ಟಿಲ್ಲ, ಅದರ ಗುಣವೇ ಹಾಗೆ. ಲೈಟ್ ಮಂಕಾಯಿತು ಅಂತ ದಯವಿಟ್ಟು ಸ್ಪೀಡ್ ಸ್ಕ್ರೂ ತಿರುಗಿಸಬೇಡಿ. ವೋಲ್ಟೇಜ್ ಹಿಡಿಯುವುದು ಎವಿಆರ್ (ವೋಲ್ಟೇಜ್ ರೆಗ್ಯುಲೇಟರ್) ಕೆಲಸ. ಲೋಡ್ ಬಂದಾಗ ಸ್ಪೀಡ್ ತೀರಾ ಬಿದ್ದರೆ ಮೊದಲು ಡೀಸೆಲ್ ಫಿಲ್ಟರ್ ಕಟ್ಟಿದೆಯಾ ನೋಡಿಸಿ. ಸ್ಕ್ರೂಗೆ ಇನ್ನು ಮೇಲೆ ನಾವು ಸೀಲ್ ಹಾಕುತ್ತೇವೆ.

ಸ್ಪೀಡ್ ಮಿತಿ ಮೀರಿದರೆ ಎಂಜಿನ್ ನಿಲ್ಲಿಸುವ ಓವರ್‌ಸ್ಪೀಡ್ ಟ್ರಿಪ್ಪನ್ನು ಸಾಮಾನ್ಯವಾಗಿ ಶೇ. 15 ಮೇಲೆ, ಅಂದರೆ 1725 ಆರ್‌ಪಿಎಂಗೆ ಇಡುತ್ತೇವೆ. ಎಂಜಿನ್ನನ್ನು ಅಷ್ಟು ಜೋರಾಗಿ ಓಡಿಸಿ ಪರೀಕ್ಷೆ ಮಾಡುವುದಿಲ್ಲ. ಕಂಟ್ರೋಲರ್‌ನಲ್ಲಿ ಟ್ರಿಪ್ ಸೆಟ್ಟಿಂಗ್ ಸ್ವಲ್ಪ ಹೊತ್ತು ಕೆಳಗೆ ಇಳಿಸಿ, ನಿಲ್ಲುತ್ತದಾ ನೋಡಿ, ಮತ್ತೆ ಮೊದಲಿನಂತೆ ಇಡುತ್ತೇವೆ. ಪರೀಕ್ಷೆಯ ಹೊತ್ತಿಗೆ ನಿಮ್ಮ ಆಪರೇಟರ್ ಜೊತೆಗಿರಲಿ. ಟರ್ಬೋ (ಎಂಜಿನ್‌ಗೆ ಗಾಳಿ ತುಂಬುವ ಭಾಗ) ಸೀಲ್ ಹೋಗಿ ಎಂಜಿನ್ ತನ್ನ ಆಯಿಲನ್ನೇ ಸುಡಲು ಶುರು ಮಾಡಿದರೆ ಡೀಸೆಲ್ ನಿಲ್ಲಿಸಿದರೂ ಅದು ನಿಲ್ಲುವುದಿಲ್ಲ, ಗಾಳಿಯನ್ನೇ ಮುಚ್ಚಬೇಕು. ಅಂಥ ಹೊತ್ತಿನಲ್ಲಿ ಹತ್ತಿರ ಹೋಗಬಾರದು ಅನ್ನುವುದನ್ನೂ ಅವರಿಗೆ ಹೇಳಿಕೊಡುತ್ತೇವೆ.

ಮತ್ತೆ, ರೇಡಿಯೇಟರ್ ನೀರನ್ನು ನೀವೇ ದಿನಾ ನೋಡಿ. ನೀರು ಪೂರ್ತಿ ಸೋರಿಹೋದರೆ ಟೆಂಪರೇಚರ್ ಸ್ವಿಚ್‌ಗೆ ಬಿಸಿ ಸರಿಯಾಗಿ ತಟ್ಟುವುದಿಲ್ಲ, ಟ್ರಿಪ್ ಆಗದೇ ಹೋಗಬಹುದು.

ಪ್ರತಿ ಸೆಟ್‌ಗೆ ಅರ್ಧ ದಿನ ಬೇಕು. ಛತ್ರದವರು ಮುಹೂರ್ತ ಇಲ್ಲದ ದಿನ, ಮಿಲ್ಲಿನವರು ರಜೆಯ ದಿನ ತಿಳಿಸಿ, ಅವತ್ತೇ ಬರುತ್ತೇವೆ.