ಹಲಗೆ ಹೊತ್ತವರಿಂದ ನೆಲ ಒರೆಸಿದವರವರೆಗೆ, ಬಳ್ಳಾರಿಗೆ ನಮ್ಮ ಶರಣು

ಬಳ್ಳಾರಿಯ ಬಂಧುಗಳಿಗೆ ನಮ್ಮ ನೃತ್ಯ ತಂಡದ ಶರಣು. 12 ವಾರಗಳ ತಾಲೀಮು, 2 ದಿನದ ಪ್ರದರ್ಶನ ಮುಗಿದವು. ಕರಪತ್ರದಲ್ಲಿ ಕುಣಿದವರ ಹೆಸರಷ್ಟೇ ಇತ್ತು, ಅದು ಸಾಲದು. ಸಮಕಾಲೀನ ನೃತ್ಯದಲ್ಲಿ ಬರಿಗಾಲಲ್ಲಿ ಓಡಬೇಕು, ಬೀಳಬೇಕು, ಉರುಳಬೇಕು. ಹಾಗಾಗಿ ಮೊದಲ ನಮಸ್ಕಾರ ನೆಲ ಕಟ್ಟಿಕೊಟ್ಟವರಿಗೆ.

ವೇದಿಕೆ ಸಿಮೆಂಟಿನದು. ಅದರ ಮೇಲೆ ನೇರ ಜಿಗಿದರೆ ಪೆಟ್ಟೆಲ್ಲ ಮೊಣಕಾಲಿಗೆ ವಾಪಸ್ ಬರುತ್ತದೆ. ಬಡಗಿ ಅಣ್ಣಂದಿರು 18 ಎಂಎಂ ದಪ್ಪದ, 8 ಅಡಿಗೆ 4 ಅಡಿಯ 32 ಪ್ಲೈವುಡ್ ಹಲಗೆಗಳ ಕೆಳಗೆ ಒಂದೊಂದು ಅಡಿಗೂ ರಬ್ಬರ್ ತುಂಡು ಬಡಿದು, ಗೋಡೆಗೆ ಇಟ್ಟಿಗೆ ಕಟ್ಟುವ ಹಾಗೆ ಸಂದಿಗೆ ಸಂದಿ ತಪ್ಪಿಸಿ ಜೋಡಿಸಿದರು. ನಾಲ್ಕು ಮೂಲೆ ಒಂದೇ ಕಡೆ ಕೂಡಿದರೆ, ತುಳಿದಾಗ ಒಂದು ಕುಗ್ಗಿ ಪಕ್ಕದ್ದು ಎದ್ದು ನಿಲ್ಲುತ್ತದೆ. ಕಾಲ್ಬೆರಳು ಸಿಗುವುದು ಅಲ್ಲೇ.

ಅದರ ಮೇಲಿನ ವಿನೈಲ್ (ಪ್ಲಾಸ್ಟಿಕ್) ಹಾಸು 6 ಸುರುಳಿ, ಒಂದೊಂದೂ ಹೆಚ್ಚುಕಡಿಮೆ 40 ಕಿಲೋ. ಹತ್ತಿ ಅಂಡಿಗೆ ಎತ್ತುವ ಹಮಾಲಿ ಅಣ್ಣಂದಿರು ಸುರುಳಿಯೊಳಗೆ ಪೈಪ್ ತೂರಿಸಿ, ಎಲ್ಲೂ ಮಡಚದೆ ತಂದರು. ಮಡಚಿದರೆ ಗೆರೆ ಬೀಳುತ್ತದೆ, ಆ ಗೆರೆ ಸುಲಭಕ್ಕೆ ಹೋಗುವುದಿಲ್ಲ. ರಾತ್ರಿಯಿಡೀ ಬಿಚ್ಚಿಟ್ಟು ಮರುದಿನ ಮಧ್ಯಾಹ್ನವೇ ಟೇಪ್ ಹಾಕಿದ್ದು. ನಮ್ಮೂರ ಬಿಸಿಲಿಗೆ ವಿನೈಲ್ ಹಿಗ್ಗುತ್ತದೆ. ಬೆಳಗಿನ ತಂಪಲ್ಲಿ ಬಿಗಿಯಾಗಿ ಅಂಟಿಸಿದ್ದು ಮಧ್ಯಾಹ್ನ ಉಬ್ಬಿ ಹಪ್ಪಳವಾಗುತ್ತದೆ.

ದಿನಕ್ಕೆ ಎರಡು ಸಲ ನೆಲ ಒರೆಸಿದ ಅಕ್ಕಂದಿರಿಗೆ ಫಿನೈಲ್ ಬೇಡ ಎಂದಾಗ ಮೊದಲು ನಗು ಬಂತು. ಫಿನೈಲ್ ಒಣಗಿದ ಮೇಲೂ ತೆಳ್ಳನೆ ಜಾರು ಪದರ ಬಿಡುತ್ತದೆ, ಆದ್ದರಿಂದ ಬರೀ ನೀರು, ಚೆನ್ನಾಗಿ ಹಿಂಡಿದ ಬಟ್ಟೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಉರುಳಿದವರ ಗುರುತನ್ನು ಹುಡುಕಿ ಒರೆಸಿದವರೂ ಅವರೇ. ಕೊನೆಕೊನೆಗೆ ಬಾಗಿಲಲ್ಲೇ ನಿಂತು ತಲೆ ಮುಟ್ಟಿ ನೋಡಿ ಒಳಗೆ ಬಿಡುತ್ತಿದ್ದರು!

ದೀಪದ ಕೆಲಸ ಚಿಕ್ಕದಾಗಿ ಹೇಳುತ್ತೇವೆ. 1000 ವ್ಯಾಟಿನ 24 ದೀಪಗಳನ್ನು ಮೂರು ಫೇಸಿಗೂ ಎಂಟೆಂಟು ಹಂಚಿದರೆ ಫೇಸಿಗೆ ಸುಮಾರು 35 ಆಂಪ್. ಎಲೆಕ್ಟ್ರಿಷಿಯನ್ ತಮ್ಮ ಮೊದಲು ನೋಡಿದ್ದು ನ್ಯೂಟ್ರಲ್ ತಂತಿ (ಮೂರೂ ಫೇಸಿಗೆ ಸಾಮಾನ್ಯವಾದ ವಾಪಸ್ ತಂತಿ) ಬಿಗಿ ಇದೆಯೇ ಎಂದು. ಅದು ಸಡಿಲಾದರೆ ಒಂದು ಫೇಸಿನಲ್ಲಿ ವೋಲ್ಟೇಜ್ ಏರಿ ದೀಪ ಸುಟ್ಟುಹೋಗುತ್ತವೆ.

ಇನ್ನು ಜೀನ್ಸ್ ಹೊಲಿಯುವ ಘಟಕಗಳ ಅಕ್ಕತಂಗಿಯರು. ಊರವರೇ ಕುಣಿದ ಸಮುದಾಯ ಭಾಗದ ಜೀವವೇ ನೀವು. ಪೆಡಲ್ ಒತ್ತುವ ಪಾದ, ಬಟ್ಟೆ ಸರಿಸುವ ಅಂಗೈ, ದಾರ ಕಡಿಯಲು ಬಾಗುವ ಕತ್ತು: ಈ ಚಲನೆಗಳು ನಿಮ್ಮವು, ನಿಮ್ಮನ್ನು ಕೇಳಿಯೇ ತೆಗೆದುಕೊಂಡೆವು, ಮುಂದಿನ ಕರಪತ್ರದಲ್ಲಿ ರಚನೆ ಎಂಬಲ್ಲೇ ನಿಮ್ಮ ಹೆಸರು ಇರುತ್ತದೆ. ಉಡುಪಿನ ತಪ್ಪು ಕಂಡುಹಿಡಿದದ್ದೂ ನೀವೇ. ನಾವು ಬಳಸಿದ ಡೆನಿಮ್ (ಜೀನ್ಸ್ ಬಟ್ಟೆ) ಎಳೆದರೆ ಬರುವಂಥದ್ದಲ್ಲ, ಕಾಲು ಅಗಲಿಸಿದರೆ ಹೊಲಿಗೆ ಬಿಡುತ್ತದೆ. ಎರಡು ಕಾಲು ಕೂಡುವಲ್ಲಿ ವಜ್ರಾಕಾರದ ತುಂಡು ಸೇರಿಸಿದ ಮೇಲೆ ಒಂದೂ ಹರಿಯಲಿಲ್ಲ.

ಆರ್ಡರ್ ಬಂದ ದಿನ ನೀವು ಬರಲಾಗುತ್ತಿರಲಿಲ್ಲ, ಅದಕ್ಕೆ ಕ್ಷಮೆ ಕೇಳಬೇಡಿ. 7 ಜನರ ಗುಂಪನ್ನು 5 ಜನರಿದ್ದರೂ ನಡೆಯುವಂತೆ ಹೆಣೆಯದಿದ್ದರೆ ಅದು ನೃತ್ಯ ಕಟ್ಟಿದವರ ದೋಷ. ಹೆಜ್ಜೆಗೆ ಒಂದರಿಂದ ಎಂಟರ ಎಣಿಕೆ ಬಿಟ್ಟು ‘ಪಕ್ಕದವರ ಹೆಗಲು ಇಳಿದಾಗ ತಿರುಗಿ’ ಎಂದು ಬದಲಿಸಿದ್ದು ಅದಕ್ಕೇ. ಗಂಡು ಹೆಣ್ಣು ಕೈ ಹಿಡಿದು ಭಾರ ಹಂಚಿಕೊಳ್ಳುವ ಕಡೆ ಮುಜುಗರವಾದಾಗ ನಡುವೆ ಟವೆಲ್ ತಂದವರಿಗೂ ಥ್ಯಾಂಕ್ಸ್. ಎರಡು ತುದಿ ಹಿಡಿದು ಹಿಂದಕ್ಕೆ ವಾಲಿದರೆ ಭಾರ ಹಾಗೇ ದಾಟುತ್ತದೆ, ನೋಡಲಿಕ್ಕೂ ಅದೇ ಚೆಂದ.

ಜೋಗತಿ ಕುಣಿತದ ಕಲಾವಿದೆ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ಚಪ್ಪಾಳೆ ಹೊಡೆದವರು ಬಹಳ, ಆ ಕುಣಿತದಲ್ಲಿ ತಲೆಯ ಮೇಲಿನ ಕೊಡ ಹೇಗೆ ನಿಲ್ಲುತ್ತದೆಂದು ಗಮನಿಸಿದವರು ಕಡಿಮೆ. ಅದನ್ನು ಬಂದು ಕಲಿಸಿದ ಹಿರಿಯ ಜೋಗತಿಯಮ್ಮನಿಗೆ ನಮ್ಮ ನಮಸ್ಕಾರ. ಮೊಣಕಾಲು ಸಡಿಲ, ಸೊಂಟ ಚುರುಕು, ಉಸಿರು ಹೊಟ್ಟೆಯಲ್ಲಿ. ಹೆಗಲೆತ್ತಿ ಉಸಿರೆಳೆದರೆ ಕೊಡ ಅಲುಗುತ್ತದೆ. ತಂಡದ ತಾಲೀಮು ಈಗ ಈ ಪಾಠದಿಂದಲೇ ಆರಂಭ.

ಮುಖ್ಯ ಅತಿಥಿಗಳಿಗೆ ವಿಶೇಷ ವಂದನೆ. ಭಾಷಣವನ್ನು ನೃತ್ಯದ ನಂತರಕ್ಕೆ ಇಟ್ಟುಕೊಂಡಿರಿ. ಕಾಯಿಸಿದ ಮೈ ಪರದೆಯ ಹಿಂದೆ ಅರ್ಧ ಗಂಟೆ ನಿಂತರೆ ತಣ್ಣಗಾಗುತ್ತದೆ, ಮೊದಲ ಜಿಗಿತಕ್ಕೇ ಸ್ನಾಯು ಹಿಡಿಯುತ್ತದೆ.

ಪ್ಲೈವುಡ್ ಹಲಗೆಗಳು ನಮ್ಮ ಬಳಿಯೇ ಇವೆ. ಬಯಲಾಟದವರು, ಶಾಲೆಯವರು, ಯಾರು ಬೇಕಾದರೂ ಬಾಡಿಗೆಯಿಲ್ಲದೆ ಒಯ್ಯಿರಿ. ಗೋಡೆಗೆ ಒರಗಿಸದೆ ಮಲಗಿಸಿ ಇಡಿ, ಮಳೆಗೆ ಬಿಡಬೇಡಿ.